ಮೊಣಕಾಲುಮಟ್ಟದ ನೀರು

ಕೆರೆ ಅಭಿವೃದ್ಧಿಯ ಯೋಜನಾ ವರದಿ ಪರಿಶೀಲನೆಗೆ ಬಂದಾಗ ನಾನು ಮೊದಲು ನೋಡುವುದು ಫೋಟೊ ಯಾವ ತಿಂಗಳಿನದು ಎಂದು. ಕಲಬುರಗಿ, ಯಾದಗಿರಿ ಕಡೆಯ ವರದಿಗಳಲ್ಲಿ ಬಹುಪಾಲು ಏಪ್ರಿಲ್, ಇಲ್ಲವೇ ಮೇ. ಬಿರುಕುಬಿಟ್ಟ ಎರೆಮಣ್ಣು, ಅಲ್ಲಲ್ಲಿ ಜಾಲಿ ಕಂಟಿ, ಒಂದೆರಡು ಎಮ್ಮೆ. ಕೆಳಗೊಂದು ಸಾಲು: ‘ಗಮನಾರ್ಹ ಜೀವವೈವಿಧ್ಯ ಕಂಡುಬಂದಿಲ್ಲ’. ಕಾಣುವುದಾದರೂ ಹೇಗೆ? ಚಳಿಗಾಲಕ್ಕೆಂದು ಬಂದ ಪಟ್ಟೆತಲೆ ಹೆಬ್ಬಾತುಗಳು ಅಷ್ಟರಲ್ಲಿ ಹಿಮಾಲಯ ದಾಟಲು ಹೊರಟುಹೋಗಿರುತ್ತವೆ.

ಇಂಥ ವರದಿಯನ್ನು ಕಾನೂನು ತಡೆಯುತ್ತದೆ ಎಂದುಕೊಂಡವರು ಬಹಳ. ತಡೆಯುವುದಿಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ದೊಡ್ಡ ಯೋಜನೆಗಳಿಗೆ ಮಾತ್ರ. 2018ರ ತಿದ್ದುಪಡಿ ಬಂದ ಮೇಲೆ 2000 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಸಣ್ಣ ನೀರಾವರಿಗೆ ಅನುಮತಿಯೇ ಬೇಡ. ಉದ್ಯೋಗ ಖಾತ್ರಿಯಂಥ ಯೋಜನೆಗಳಲ್ಲಿ ಊರಕೆರೆಯ ಹೂಳೆತ್ತಲು 2016ರಿಂದಲೇ ವಿನಾಯಿತಿ ಇದೆ. ಇನ್ನು 2017ರ ಜೌಗುಪ್ರದೇಶ ನಿಯಮಗಳು. ಅವುಗಳ ವ್ಯಾಖ್ಯಾನ ಓದುತ್ತ ಹೋದರೆ ಖುಷಿಯಾಗುತ್ತದೆ: ಸಹಜವೋ ಕೃತಕವೋ, ಕಾಯಂ ನೀರೋ ನಾಲ್ಕು ತಿಂಗಳ ನೀರೋ, ಇಳಿತದ ವೇಳೆ ಆರು ಮೀಟರ್ ಮೀರದ ಕಡಲ ನೀರೂ ಸೇರಿ ಎಲ್ಲವೂ ಜೌಗು. (ಸುರಪುರದಲ್ಲಿ ಕುಳಿತು ಕಡಲಿನ ಇಳಿತದ ಲೆಕ್ಕ ಓದುವುದೂ ಒಂದು ಮೋಜೇ.) ಆಮೇಲೆ ಬಾಲದಲ್ಲಿ ಕೊಕ್ಕೆ: ಕುಡಿಯುವ ನೀರಿಗೆ, ನೀರಾವರಿಗೆ ಎಂದೇ ಕಟ್ಟಿದ ಕೆರೆಗಳು ಇದರಿಂದ ಹೊರಗೆ. ನಮ್ಮ ಸೀಮೆಯಲ್ಲಿ ಯಾರೂ ಕಟ್ಟದ ಕೆರೆ ಎಷ್ಟಿವೆ? ಗದಗ ಜಿಲ್ಲೆಯ ಮಾಗಡಿ ಕೆರೆಯೂ ನೀರಾವರಿಗೆ ಕಟ್ಟಿದ್ದೇ. 2024ರಲ್ಲಿ ಅದು ಅಘನಾಶಿನಿ ಅಳಿವೆಯ ಜತೆಗೇ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಹಕ್ಕಿಗೆ ಕೆರೆ ಕಟ್ಟಿದವರ ಉದ್ದೇಶ ಗೊತ್ತಿರುವುದಿಲ್ಲವಲ್ಲ.

ಹೀಗಾಗಿ ಬೋನಾಳದಂತೆ ಹಕ್ಕಿಗಳಿಂದ ಹೆಸರಾದ ಕೆರೆ ಬಿಟ್ಟರೆ, ಉಳಿದವುಗಳ ಪರಿಸರ ಪರಿಶೀಲನೆಯು ವರದಿ ಬರೆಯುವವರ ಮನಸ್ಸಿಗೆ ಬಿಟ್ಟದ್ದು.

ಯಾದಗಿರಿ ಜಿಲ್ಲೆಯ ಒಂದು ಕೆರೆಗೆ ಜನವರಿಯಲ್ಲಿ ಟೇಪು, ಅಳತೆಗೋಲು ಹಿಡಿದು ಹೋಗಿದ್ದೆ. ಮೀನು ಹಿಡಿಯುವ ಹಿರಿಯರೊಬ್ಬರು ಪ್ಯಾಂಟು ಮಡಚಲು ಹೇಳಿ ನನ್ನನ್ನು ನೀರಿಗಿಳಿಸಿದರು. 50 ಮೀಟರ್ ನಡೆದರೂ ನೀರು ಮೊಣಕಾಲಿಗೇ. ಕೋಲಿನಲ್ಲಿ 50 ಸೆಂಟಿಮೀಟರ್. ನಮ್ಮ ಎರಡೂ ಬದಿಗೆ ಮೆಟ್ಟುಗಾಲು ಹಕ್ಕಿಗಳು ಕೆಸರು ಕುಕ್ಕುತ್ತಿದ್ದವು. “ಸಾಹೇಬ್ರ, ನಡುಗೆರ್‍ಯಾಗ ಅವು ಏನ್ ತಿಂತಾವ್ರಿ? ಅವುಕ್ಕ ಊಟ ಇಲ್ಲೇ ಅದ. ಮೀನಮರಿನೂ ಇಲ್ಲೇ ಬೆಳಿತಾವ” ಅಂದರು.

ನಕ್ಷೆಯಲ್ಲಿ ಅದೇ ಜಾಗದಲ್ಲಿ ವಾಕಿಂಗ್ ಪಾಥ್, ಅದರ ಕೆಳಗೆ ಒಂದಕ್ಕೆ ಒಂದೂವರೆ ಇಳಿಜಾರಿನ (ಒಂದಡಿ ಆಳಕ್ಕೆ ಒಂದೂವರೆ ಅಡಿ ಅಡ್ಡಕ್ಕೆ) ಪಿಚಿಂಗ್, ಅಂದರೆ ದಡಕ್ಕೆ ಕಲ್ಲಿನ ಹೊದಿಕೆ. ಲೆಕ್ಕ ಹಾಕಿ: ಆ ಇಳಿಜಾರಿನಲ್ಲಿ ಅದೇ 50 ಸೆಂಟಿಮೀಟರ್ ಆಳ ದಡದಿಂದ 75 ಸೆಂಟಿಮೀಟರಿಗೇ ಬಂದುಬಿಡುತ್ತದೆ. 50 ಮೀಟರ್ ಅಗಲದ ಊಟದ ಪಂಕ್ತಿ ಮುಕ್ಕಾಲು ಮೀಟರಿಗೆ ಇಳಿಯಿತು. ವರದಿಯಲ್ಲಿ ಇದು ‘ಸಾಮರ್ಥ್ಯ ಹೆಚ್ಚಳ’. ಸುಳ್ಳೂ ಅಲ್ಲ, ನೀರು ಹೆಚ್ಚೇ ನಿಲ್ಲುತ್ತದೆ.

ಹೂಳೆತ್ತಬೇಡಿ ಎನ್ನುತ್ತಿಲ್ಲ. ಎತ್ತಿದ ಮಣ್ಣನ್ನು ರೈತರು ಹೊಲಕ್ಕೆ ಒಯ್ಯುತ್ತಾರೆ, ತೊಗರಿಗೆ ಒಳ್ಳೆಯದು. ಆದರೆ ನಡುವಷ್ಟೇ ತೋಡಿ, ಗರಸು ಕಾಣುವ ಮೊದಲೇ ನಿಲ್ಲಿಸಿ. ಜೇಡಿಯ ಹಾಸು ಒಡೆದರೆ ಕೆರೆ ತಳದಲ್ಲೇ ಸೋರುತ್ತದೆ. ಏರಿಯ ಕಡೆ ಕಲ್ಲು ಬೇಕೇ ಬೇಕು. ನೀರು ಬರುವ ಎದುರುದಡಕ್ಕೆ ಬೇಡ. ಗ್ರಾಮಸಭೆಯಲ್ಲಿ ಯೋಜನೆ ಓದಿದಾಗ ಡಿಸೆಂಬರ್‌ದೋ ಜನವರಿಯದೋ ಫೋಟೊ ತೋರಿಸಿ ಎಂದು ಕೇಳಿ, ಸಾಕು.

ಆ ಕೆರೆಯ ನಕ್ಷೆಯಲ್ಲಿ ಎದುರುದಡವನ್ನು ಖಾಲಿ ಬಿಟ್ಟು ಕಳಿಸಿದೆ. ‘ಕೆಲಸ ಅಪೂರ್ಣ, ಪಿಚಿಂಗ್ ಮುಂದುವರಿಸುವುದು’ ಎಂಬ ಷರಾದೊಂದಿಗೆ ವಾಪಸ್ ಬಂತು. ಮತ್ತೆ ಕಳಿಸಿದೆ, ಮತ್ತೆ ಅದೇ ಷರಾ. ಮೂರನೆಯ ಸಲ ಆ ಖಾಲಿ ಜಾಗದ ಮೇಲೆ ಕೆಂಪು ಪೆನ್ನಿನಲ್ಲಿ ‘ಇಲ್ಲಿ ಏನೂ ಕಟ್ಟತಕ್ಕದ್ದಲ್ಲ’ ಎಂದು ಬರೆದೆ. ಬರಹ ಇದ್ದದ್ದಕ್ಕೋ ಏನೋ, ಮಂಜೂರಾಯಿತು.