ಮಳೆಗಾಲದಲ್ಲಿ ತುಡುವೆ ಜೇನು ಪೆಟ್ಟಿಗೆ ಬಿಟ್ಟು ಹೋಗುವುದೇಕೆ?

ಪ್ರಶ್ನೆ: ನಾಪೋಕ್ಲು ಬಳಿಯ ನಮ್ಮ ಕಾಫಿ ತೋಟದಲ್ಲಿ ನಾಲ್ಕು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪೆಟ್ಟಿಗೆಗಳಿದ್ದವು. ಮೇ ತಿಂಗಳಲ್ಲಿ ಒಳ್ಳೆಯ ಜೇನೇ ಸಿಕ್ಕಿತು. ಆದರೆ ಕಕ್ಕಡದ (ಜುಲೈ–ಆಗಸ್ಟ್‌ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಎರಡು ಪೆಟ್ಟಿಗೆಗಳ ನೊಣಗಳು ಬಿಟ್ಟು ಹೋದವು. ತೆರೆದು ನೋಡಿದರೆ ಎರಿಗಳ (ನೊಣಗಳು ಕಟ್ಟಿದ ಮೇಣದ ಹಲ್ಲೆಗಳ) ತುಂಬ ಮೇಣದ ಹುಳು. ಈ ಹುಳುವಿಗೆ ಯಾವ ಔಷಧಿ ಹಾಕಬೇಕು? ರಾಣಿ ತಡೆ ಹಾಕಿದ್ದರೆ ಜೇನು ಉಳಿಯುತ್ತಿತ್ತೇ?

ಉತ್ತರ: ಕೊಡಗಿನಲ್ಲಿ ಜೇನು ಸಾಕುವವರು ಒಂದಲ್ಲ ಒಂದು ವರ್ಷ ಕೇಳಿಯೇ ಕೇಳುವ ಪ್ರಶ್ನೆಯಿದು. ನೀವು ಕಣ್ಣಾರೆ ಕಂಡದ್ದು ಹುಳುವನ್ನಾದ್ದರಿಂದ ಹುಳುವಿನ ಮೇಲೆ ಸಂಶಯ ಬರುವುದು ಸಹಜ. ಆದರೆ ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಜೇನನ್ನು ಹೊರಡಿಸಿದ್ದು ಬಹುಮಟ್ಟಿಗೆ ಹಸಿವು. ನೊಣಗಳು ಕಡಿಮೆಯಾಗಿ ಕಾವಲಿಲ್ಲದೆ ಉಳಿದ ಎರಿಗಳಿಗೆ ಹುಳು ಆಮೇಲೆ ಸೇರಿಕೊಂಡಿದೆ. ಕಕ್ಕಡದಲ್ಲಿ ಹೋದ ಜೇನಿನ ಕಾರಣವನ್ನು ಮೇ ತಿಂಗಳಲ್ಲಿ ಹುಡುಕಬೇಕು.

ನಮ್ಮ ಜಿಲ್ಲೆಯ ಜೇನಿನ ವರ್ಷವನ್ನು ಒಮ್ಮೆ ನೆನಪಿಸಿಕೊಳ್ಳಿ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನಗಳಲ್ಲಿ ರೊಬಸ್ಟಾ ತೋಟಗಳು ಬೆಳ್ಳಗಾಗುತ್ತವೆ. ಕಾಫಿ ಹೂವಿನ ಹಬ್ಬ ಕೆಲವೇ ದಿನಗಳದ್ದಾದರೂ ಅದರ ಹಿಂದೆಮುಂದೆ ಕಾಡುಮರಗಳೂ ಹೂ ಬಿಡುವುದರಿಂದ ಏಪ್ರಿಲ್, ಮೇ ತಿಂಗಳ ಹೊತ್ತಿಗೆ ಪೆಟ್ಟಿಗೆಯ ಮೇಲಿನ ಜೇನು ಕೋಣೆ ತುಂಬುತ್ತದೆ. ಜೂನ್‌ನಲ್ಲಿ ಮುಂಗಾರು ಹಿಡಿಯಿತೆಂದರೆ ಮಕರಂದದ ಬಾಗಿಲು ಮುಚ್ಚಿದಂತೆಯೇ. ಅಲ್ಲೊಂದು ಇಲ್ಲೊಂದು ಹೂವಿದ್ದರೂ ಬಿಡುವಿಲ್ಲದ ಮಳೆಯಲ್ಲಿ ನೊಣ ಹೊರಗೆ ಹಾರುವಂತಿಲ್ಲ. ಸೆಪ್ಟೆಂಬರಿನಲ್ಲಿ ಬಿಸಿಲು ಕಾಣುವ ತನಕ, ಅಂದರೆ ಮೂರು ತಿಂಗಳಿಗೂ ಹೆಚ್ಚು ಕಾಲ, ಕುಟುಂಬವು ಕೂಡಿಟ್ಟದ್ದನ್ನೇ ತಿಂದು ಬದುಕಬೇಕು. ಆ ದಾಸ್ತಾನು ಇರುವುದು ಕೆಳಗೆ ರಾಣಿಯೂ ಮರಿಗಳೂ ಇರುವ ಸಂಸಾರ ಕೋಣೆಯ ಎರಿಗಳ ಮೇಲಂಚಿನಲ್ಲಿ, ಮರಿಗಳಿರುವ ಭಾಗಕ್ಕೆ ಕಮಾನಿನಂತೆ ಕಟ್ಟಿದ ಜೇನಿನಲ್ಲಿ. ಕೊನೆಯ ಕೊಯ್ಲಿನಲ್ಲಿ ಅದನ್ನೂ ಹಿಂಡಿಕೊಂಡರೆ ಜೂನ್ ಮುಗಿಯುವ ಮೊದಲೇ ಮನೆಯ ಕಣಜ ಬರಿದಾಗುತ್ತದೆ.

ತುಡುವೆಯ ಸ್ವಭಾವವೇ ಹಾಗೆ: ಇದ್ದಲ್ಲಿ ಬದುಕು ಸಾಗದೆಂದು ಕಂಡರೆ ಸ್ಥಳ ಬದಲಿಸುತ್ತದೆ. ಆದರೆ ಅದು ಒಮ್ಮಿಂದೊಮ್ಮೆಲೇ ಆಗುವ ಕೆಲಸವಲ್ಲ. ಮೊದಲು ಹೊರಗಿನಿಂದ ಪರಾಗ ಬರುವುದು ನಿಲ್ಲುತ್ತದೆ, ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡಿ ಕೊನೆಗೆ ನಿಲ್ಲಿಸುತ್ತದೆ, ಇದ್ದ ಮರಿಗಳು ನೊಣಗಳಾಗಿ ಹೊರಬರುತ್ತವೆ. ಆಮೇಲೆ ಉಳಿದ ಜೇನನ್ನು ಹೊಟ್ಟೆ ತುಂಬಿಕೊಂಡು, ಮಳೆ ಬಿಟ್ಟ ಒಂದು ಹೊತ್ತು ನೋಡಿ, ಕುಟುಂಬ ಪೂರ್ತಿಯಾಗಿ ಹೊರಟುಬಿಡುತ್ತದೆ. ಮೊಟ್ಟೆಯಿಂದ ನೊಣವಾಗಲು ಸುಮಾರು ಮೂರು ವಾರ ಬೇಕು. ಆದ್ದರಿಂದ ಎರಿಯಲ್ಲಿ ಮೊಟ್ಟೆಯೂ ಇಲ್ಲ, ಮೇಲಂಚಿನಲ್ಲಿ ಜೇನೂ ಇಲ್ಲ ಎಂದು ಕಂಡ ದಿನದಿಂದ ನಿಮ್ಮ ಕೈಯಲ್ಲಿ ಹೆಚ್ಚೆಂದರೆ ಎರಡು ವಾರಗಳಷ್ಟು ಅವಕಾಶ ಇರಬಹುದು, ಮರಿಗಳೂ ಕಡಿಮೆಯಾಗಿದ್ದರೆ ಅಷ್ಟೂ ಇರುವುದಿಲ್ಲ. ಇದನ್ನು ಪಾಲಾಗುವುದರೊಂದಿಗೆ ಬೆರೆಸಬೇಡಿ. ಪಾಲಾಗುವಾಗ ಹಳೆಯ ರಾಣಿಯೊಂದಿಗೆ ಒಂದು ಭಾಗ ಮಾತ್ರ ಹೋಗಿ, ಹಿಂದೆ ನೊಣಗಳೂ ಮರಿಗಳೂ ರಾಣಿ ಕೋಶಗಳೂ ಉಳಿಯುತ್ತವೆ.

ಹಾಗಾದರೆ ಮಾಡಬೇಕಾದ ಮೊದಲ ಕೆಲಸ ಕೊಯ್ಲಿನದು. ಜೇನು ಕೋಣೆಯಿಂದ ಮಾತ್ರ ತೆಗೆಯಿರಿ, ಸಂಸಾರ ಕೋಣೆಯ ಜೇನನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ನನ್ನ ಅಭಿಪ್ರಾಯದಲ್ಲಿ ಮಳೆಗಾಲಕ್ಕೆ ಮುಂಚಿನ ಕೊನೆಯ ಕೊಯ್ಲನ್ನೇ ಅರ್ಧಕ್ಕೆ ನಿಲ್ಲಿಸುವುದು ಒಳ್ಳೆಯದು. ಒಂದು ಬಾಟಲಿ ಜೇನಿನ ಬೆಲೆಗೆ ಒಂದು ಕುಟುಂಬವನ್ನು ಕಳೆದುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ, ಆರಂಭದ ವರ್ಷಗಳಲ್ಲಿ ನಾನೂ ಹಾಗೆ ಕಳೆದುಕೊಂಡಿದ್ದೇನೆ.

ಎರಡನೆಯದು ಸಕ್ಕರೆ ಪಾಕ. ಜೂನ್ ನಡುವಿನಿಂದಲೇ ಕುಟುಂಬವೊಂದಕ್ಕೆ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆಯನ್ನು ಅಷ್ಟೇ ತೂಕದ ಬಿಸಿನೀರಿನಲ್ಲಿ ಕರಗಿಸಿ, ಪೂರ್ತಿ ಆರಿದ ಮೇಲೆ ಕೊಡಿ. ಬೆಲ್ಲದ ಪಾಕ ಬೇಡ, ಅದು ನೊಣಗಳಿಗೆ ಭೇದಿ ತರಿಸುತ್ತದೆ. ಎಲ್ಲಿಂದಲೋ ಕೊಂಡು ತಂದ ಜೇನನ್ನೂ ಕೊಡಬೇಡಿ, ಅದರೊಂದಿಗೆ ರೋಗ ಬರಬಹುದು. ತೆಂಗಿನ ಚಿಪ್ಪಿನಲ್ಲಿ ಪಾಕ ಸುರಿದು, ನೊಣ ಮುಳುಗದಂತೆ ನಾಲ್ಕಾರು ಕಡ್ಡಿಗಳನ್ನು ಹಾಕಿ, ಪೆಟ್ಟಿಗೆಯ ಒಳಗೆ ಚೌಕಟ್ಟುಗಳ ಮೇಲಿಟ್ಟರೆ ಸಾಕು. ಕೊಡುವ ಹೊತ್ತು ಮುಸ್ಸಂಜೆಯೇ ಆಗಬೇಕು, ಮತ್ತು ಎಲ್ಲ ಪೆಟ್ಟಿಗೆಗಳಿಗೂ ಒಂದೇ ದಿನ ಕೊಡಬೇಕು. ಹಗಲಿನಲ್ಲಿ ಪಾಕ ಚೆಲ್ಲಿದರೆ ಬಲವಾದ ಕುಟುಂಬದ ನೊಣಗಳು ದುರ್ಬಲ ಕುಟುಂಬಕ್ಕೆ ನುಗ್ಗಿ ದೋಚುತ್ತವೆ, ನೀವು ಉಳಿಸಲು ಹೊರಟ ಪೆಟ್ಟಿಗೆಯೇ ಮೊದಲು ಖಾಲಿಯಾಗುತ್ತದೆ. ಹೂಮಳೆಗೆ ಸಾಕಷ್ಟು ಮೊದಲೇ ಪಾಕವನ್ನು ಪೂರ್ತಿಯಾಗಿ ನಿಲ್ಲಿಸಿ. ಮಾರುವ ಜೇನಿನಲ್ಲಿ ಸಕ್ಕರೆ ಸೇರುವುದು ಸಾಕಣೆದಾರನಿಗೆ ಶೋಭೆಯಲ್ಲ.

ಈಗ ಹುಳುವಿನ ವಿಚಾರ. ನೊಣಗಳಿರುವ ಪೆಟ್ಟಿಗೆಗೆ ಹಾಕುವಂಥ ಔಷಧಿಯನ್ನು ದಯವಿಟ್ಟು ಹುಡುಕಬೇಡಿ, ಹುಳುವನ್ನು ಕೊಲ್ಲುವುದು ನೊಣವನ್ನೂ ಕೊಲ್ಲುತ್ತದೆ. ಮೇಣದ ಪತಂಗ ಮೊಟ್ಟೆಯಿಡುವುದು ನೊಣ ಕೂರದ ಹಳೆಯ ಕಪ್ಪು ಎರಿಗಳಲ್ಲಿ, ಬಿರುಕುಗಳಲ್ಲಿ ಮತ್ತು ಅಡಿಹಲಗೆಯ ಮೇಲೆ ಬಿದ್ದ ಮೇಣದ ಪುಡಿಯಲ್ಲಿ. ಆದ್ದರಿಂದ ಮಳೆ ಹಿಡಿಯುವ ಮೊದಲು ಜೇನು ಕೋಣೆಯನ್ನು ಇಳಿಸಿ, ನೊಣಗಳು ಒತ್ತಾಗಿ ಮುಚ್ಚಿಕೊಳ್ಳಬಲ್ಲಷ್ಟು ಎರಿಗಳನ್ನು ಮಾತ್ರ ಸಂಸಾರ ಕೋಣೆಯಲ್ಲಿ ಬಿಟ್ಟು, ಉಳಿದವನ್ನು ಕರಗಿಸಿ ಮೇಣ ಮಾಡಿ. ಮಳೆ ಹೊಳವಾದ ದಿನ, ಎಂಟು ಹತ್ತು ದಿನಕ್ಕೊಮ್ಮೆ, ಅಡಿಹಲಗೆಯನ್ನು ಕೆರೆದು ಒರೆಸಿ. ಎರಿಗಳನ್ನೆಲ್ಲ ಎತ್ತಿ ನೋಡುವ ಅಗತ್ಯವಿಲ್ಲ. ಮೇಲ್ಮುಚ್ಚಳ ತೆಗೆದು ಅಂಚಿನಲ್ಲಿ ಜೇನಿದೆಯೇ ಎಂದು ನೋಡಿ ಬೇಗನೆ ಮುಚ್ಚಿಬಿಡಿ.

ಸ್ಥಳದ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ಭಾಗಮಂಡಲದ ಕಡೆಯ ಮಳೆಯೂ ಕುಶಾಲನಗರದ ಕಡೆಯ ಮಳೆಯೂ ಒಂದೇ ಅಲ್ಲ, ನಿಮ್ಮದು ಜಡಿಮಳೆಯ ಸೀಮೆ. ದಟ್ಟ ನೆರಳಿನ ಮರದಡಿಯಲ್ಲಿ ಮಳೆ ನಿಂತ ಮೇಲೂ ಹನಿ ನಿಲ್ಲುವುದಿಲ್ಲ. ಆದಕಾರಣ ಪೆಟ್ಟಿಗೆಗಳನ್ನು ಬೆಳಕು ಬೀಳುವ ಅಂಚಿನಲ್ಲಿ, ಬಾಗಿಲು ಪೂರ್ವಕ್ಕಿರುವಂತೆ, ನೀರು ಒಳಗೆ ನಿಲ್ಲದ ಹಾಗೆ ಮುಂದಕ್ಕೆ ತುಸು ಬಾಗಿಸಿ ಇಡಿ. ಮೇಲೆ ತಗಡು ಹೊದಿಸಿ ಕಲ್ಲು ಹೇರಿ. ಪೀಠದ ಕಾಲುಗಳ ಕೆಳಗಿನ ನೀರಿನ ಬಟ್ಟಲಿಗೆ ಒಂದು ಎಲೆ ಬಿದ್ದರೂ ಅದು ಇರುವೆಗೆ ಸೇತುವೆಯಾಗುತ್ತದೆಂಬುದನ್ನು ಮರೆಯಬೇಡಿ.

ರಾಣಿ ತಡೆಯ ಬಗ್ಗೆ ಕೇಳಿದ್ದೀರಿ. ಪೆಟ್ಟಿಗೆಯ ಬಾಗಿಲಿಗೆ ಹಾಕುವ ಈ ತಡೆಯ ಸಂದಿಯಲ್ಲಿ ಕೆಲಸಗಾರ ನೊಣ ನುಸುಳುತ್ತದೆ, ರಾಣಿಯೂ ಗಂಡುನೊಣವೂ ನುಸುಳಲಾರವು. ಹೊಸದಾಗಿ ಹಿಡಿದು ತಂದ ಕುಟುಂಬ ಪೆಟ್ಟಿಗೆಗೆ ಒಗ್ಗುವ ತನಕ ಕೆಲವು ದಿನ ಹಾಕಲು ಅದು ಒಳ್ಳೆಯ ಸಾಧನ. ಹಸಿದ ಕುಟುಂಬಕ್ಕೆ ಹಾಕಿದರೆ ನೊಣಗಳು ಹೊರಟು, ರಾಣಿ ಬಾರದ್ದರಿಂದ ಮರಳಿ, ಮತ್ತೆ ಹೊರಟು ಬಳಲುತ್ತವೆ. ಹಸಿವಂತೂ ಹಾಗೆಯೇ ಉಳಿಯುತ್ತದೆ. ಒಳಗಿರುವುದು ಹೊಸ ಕನ್ಯಾರಾಣಿಯಾಗಿದ್ದರೆ ಅದು ಗಂಡುನೊಣಗಳನ್ನು ಕೂಡಲು ಹೊರಗೆ ಹಾರಲೇಬೇಕು, ತಡೆ ಹಾಕಿದರೆ ಕುಟುಂಬವೇ ಕೆಡುತ್ತದೆ. ತಡೆ ಹಾಕಿದ ದಿನವೇ ಪಾಕ ಕೊಡಿ, ರಾಣಿ ಮತ್ತೆ ಮೊಟ್ಟೆಯಿಡತೊಡಗಿದೊಡನೆ ತೆಗೆದುಬಿಡಿ.

ಒಂದು ಸಂಗತಿಯನ್ನು ಮಾತ್ರ ಪ್ರತ್ಯೇಕವಾಗಿ ಪರೀಕ್ಷಿಸಿ. ಬಿಟ್ಟು ಹೋದ ಎರಿಯ ಕೋಶಗಳಲ್ಲಿ ಮರಿಹುಳುಗಳು ತಲೆಯ ತುದಿ ಮೇಲಕ್ಕೆ ಬಾಗಿ ಸತ್ತಿದ್ದು, ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತಿದ್ದರೆ ಅದು ಹಸಿವಲ್ಲ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1991–92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿ ಹಾಕಿದ್ದು ಇದೇ ರೋಗ. ಇದನ್ನು ಗುಣಪಡಿಸುವ ಔಷಧಿಯಿಲ್ಲ. ಅಂಥ ಎರಿಗಳನ್ನು ಬೇರೆ ಪೆಟ್ಟಿಗೆಗೆ ಕೊಡದೆ ಸುಟ್ಟುಹಾಕಿ, ಮುಂದೆ ಪಾಲು ಮಾಡುವಾಗ ರೋಗದ ನಡುವೆಯೂ ಗಟ್ಟಿಯಾಗಿ ಉಳಿದ ಕುಟುಂಬವನ್ನೇ ಆರಿಸಿಕೊಳ್ಳಿ.

ಉಳಿದಿರುವ ಎರಡು ಪೆಟ್ಟಿಗೆಗಳಿಗೆ ಈ ವಾರವೇ ಪಾಕ ಆರಂಭಿಸಿ. ಖಾಲಿಯಾದವನ್ನು ಕೆರೆದು ತೊಳೆದು, ರೋಗದ ಗುರುತೇನೂ ಇಲ್ಲದಿದ್ದರೆ ಬಿಸಿಲು ಬಂದಾಗ ಒಣಗಿಸಿ, ಒಳಗೆ ತುಸು ಮೇಣ ಸವರಿಡಿ. ಪುತ್ತರಿಯ (ಕೊಡಗಿನ ಸುಗ್ಗಿ ಹಬ್ಬ) ನಂತರ ನಿಮ್ಮ ಕುಟುಂಬಗಳು ಪಾಲಾಗುವ ಕಾಲ ಬಂದಾಗ ಅವೇ ಪೆಟ್ಟಿಗೆಗಳು ಬೇಕಾಗುತ್ತವೆ.