ಮೈನಸ್ ಏಳನ್ನು ಮೂರರಿಂದ ಭಾಗಿಸಿದರೆ ಉಳಿಯುವುದೆಷ್ಟು?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಈ ಪ್ರಶ್ನೆ ಕೇಳಿ ನೋಡಿ. -7 % 3 ಎಂದು ಬರೆದು ಎಂಟರ್ ಒತ್ತಿದರೆ 2 ಎನ್ನುತ್ತದೆ. (ಇಲ್ಲಿ % ಎಂದರೆ ಶೇಕಡಾ ಅಲ್ಲ, ಭಾಗಿಸಿದ ಮೇಲೆ ಉಳಿಯುವ ಶೇಷ.) ಅದೇ ಲೆಕ್ಕವನ್ನು ಸಿ ಭಾಷೆಯಲ್ಲಿ ಬರೆದು ಓಡಿಸಿದರೆ -1 ಬರುತ್ತದೆ. ಕಂಪ್ಯೂಟರ್ ಕೆಟ್ಟಿಲ್ಲ, ಯಾರೂ ತಪ್ಪು ಟೈಪ್ ಮಾಡಿಲ್ಲ. ಎರಡೂ ಸರಿ.

ಈಗ ವಿಕಿಪೀಡಿಯದ ಒಂದು ಲೇಖನದಲ್ಲಿ "ಪ್ರೋಗ್ರಾಮಿಂಗ್‌ನಲ್ಲಿ -7 % 3 ಎಂದರೆ 2" ಎಂಬ ಸಾಲು ಇದೆ ಅಂದುಕೊಳ್ಳಿ. ವರ್ಷಗಟ್ಟಲೆ ಸಿ ಬರೆದ ಒಬ್ಬರು ಅದನ್ನು ಓದುತ್ತಾರೆ. ಅನುಮಾನ ಬರುತ್ತದೆ. ತಮ್ಮ ಕಂಪ್ಯೂಟರಿನಲ್ಲೇ ಓಡಿಸಿ ನೋಡುತ್ತಾರೆ, -1 ಬರುತ್ತದೆ. ತಿದ್ದುತ್ತಾರೆ. ಅರ್ಧ ಗಂಟೆಯಲ್ಲಿ ಪೈಥಾನ್ ಬಲ್ಲ ಇನ್ನೊಬ್ಬರು ಬಂದು ನೋಡುತ್ತಾರೆ. ಅವರೂ ಓಡಿಸಿ ನೋಡುತ್ತಾರೆ, 2 ಬರುತ್ತದೆ. ಮೊದಲಿನವರ ತಿದ್ದುಪಡಿ ರದ್ದು. ಆಮೇಲೆ ಮತ್ತೆ -1. ಮತ್ತೆ 2. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದಾರೆ. ಅದಕ್ಕೇ ಇಬ್ಬರಿಗೂ ಎದುರಿನವರು ಬೇಕಂತಲೇ ಹಾಳು ಮಾಡುತ್ತಿದ್ದಾರೆ ಅನ್ನಿಸತೊಡಗುತ್ತದೆ.

ಪ್ರೋಗ್ರಾಮಿಂಗ್ ಭಾಷೆಗಳ ಲೇಖನಗಳನ್ನು ಸಂಬಳವಿಲ್ಲದೆ, ಬಿಡುವಿನ ಹೊತ್ತಿನಲ್ಲಿ ತಿದ್ದುವವರ ಮಧ್ಯೆ ನಡೆಯುವ ಎಷ್ಟೋ ಜಗಳಗಳು ಹೀಗೇ ಇರುತ್ತವೆ. ಅಲ್ಲಿ ಸುಳ್ಳು ಹೇಳುವವರು ಕಡಿಮೆ. ಸಾಲಿನಲ್ಲಿ ಒಂದು ಪದ ಬಿಟ್ಟುಹೋಗಿರುತ್ತದೆ, ಅಷ್ಟೇ.

ಈ ಶೇಷದ ಲೆಕ್ಕವನ್ನೇ ಬಿಡಿಸಿ ನೋಡೋಣ. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷ ಕೂಡಿಸಿದರೆ ಭಾಜ್ಯ ಸಿಗಬೇಕು, ಇದು ಶಾಲೆಯಲ್ಲಿ ಕಲಿತ ನಿಯಮ. -7ನ್ನು 3ರಿಂದ ಭಾಗಿಸಿದರೆ -2.33 ಚಿಲ್ಲರೆ ಬರುತ್ತದೆ. ಇದನ್ನು ಪೂರ್ಣಾಂಕ ಮಾಡಬೇಕು. ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ, ಅಂದರೆ -3. ಮೂರು ಸಲ -3 ಎಂದರೆ -9, ಅದಕ್ಕೆ 2 ಕೂಡಿಸಿದರೆ -7. ಸಿ ಸೊನ್ನೆಯ ಕಡೆಗೆ ಸರಿಯುತ್ತದೆ, ಅಂದರೆ -2. ಮೂರು ಸಲ -2 ಎಂದರೆ -6, ಅದಕ್ಕೆ -1 ಕೂಡಿಸಿದರೆ ಅದೇ -7. ನಿಯಮ ಎರಡು ಕಡೆಯೂ ಮುರಿದಿಲ್ಲ. ರೂಬಿ ಪೈಥಾನ್ ದಾರಿ ಹಿಡಿದಿದೆ. ಜಾವಾ, ಜಾವಾಸ್ಕ್ರಿಪ್ಟ್, ಗೋ ಇವೆಲ್ಲ ಸಿ ದಾರಿಯಲ್ಲಿವೆ. ಏಡಾ ಭಾಷೆ ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿದೆ. ನನಗೇನೋ ಅದೇ ಜಾಸ್ತಿ ಇಷ್ಟ.

ಪೈಥಾನ್ ದಾರಿಯ ಲಾಭ ಗಡಿಯಾರದಲ್ಲಿ ಕಾಣುತ್ತದೆ. ಹನ್ನೆರಡರಲ್ಲಿ ನಿಂತ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ ಹನ್ನೊಂದು. ಹನ್ನೆರಡನ್ನು ಸೊನ್ನೆ ಎಂದು ಎಣಿಸಿದರೆ ಒಂದು ಗಂಟೆ ಹಿಂದೆ ಎಂದರೆ -1. -1 % 12 ಎಂದರೆ ಪೈಥಾನ್ ಸರಿಯಾಗಿ 11 ಕೊಡುತ್ತದೆ. ಸಿ ಕೊಡುವುದು -1, ಅದನ್ನು ನಾವೇ ಸರಿ ಮಾಡಿಕೊಳ್ಳಬೇಕು.

ಹಾಗಾದರೆ "ಸಿ ಭಾಷೆಯಲ್ಲಿ -1" ಎಂದು ಬರೆದರೆ ಸಾಕಾ? ಅದೂ ಸಾಲದು. ಭಾಷೆಯ ನಿಯಮಗಳನ್ನು ಬರೆದಿಟ್ಟ 1999ರ ಐಎಸ್ಒ ಮಾನದಂಡಕ್ಕೆ ಮೊದಲು, ಋಣ ಸಂಖ್ಯೆ ಬಂದಾಗ ಯಾವ ಕಡೆಗೆ ಸರಿಯಬೇಕು ಎಂಬುದನ್ನು ಸಿ ಭಾಷೆ ಆಯಾ ಕಂಪೈಲರ್ (ನಾವು ಬರೆದದ್ದನ್ನು ಯಂತ್ರಭಾಷೆಗೆ ಇಳಿಸುವ ಸಾಧನ) ಬರೆದವರಿಗೇ ಬಿಟ್ಟಿತ್ತು. ಅಂದರೆ ಭಾಷೆಯ ಹೆಸರಿನ ಜೊತೆ ವರ್ಷವೂ ಬೇಕು.

ಇಲ್ಲಿ ಒಂದು ಪ್ರಶ್ನೆ ಸಹಜ. "ನಾನೇ ಓಡಿಸಿ ನೋಡಿದ್ದೀನಿ, ಇನ್ನೇನು ಪುರಾವೆ ಬೇಕು?" ಹೊಸದಾಗಿ ತಿದ್ದಲು ಬಂದ ಪ್ರೋಗ್ರಾಮರ್‌ಗಳಿಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಈ ಜಾಗ. ಸ್ವಂತ ಸಂಶೋಧನೆ ಹಾಕಬೇಡಿ, ನಂಬಬಹುದಾದ ಮೂಲವನ್ನು ಉಲ್ಲೇಖಿಸಿ ಎನ್ನುತ್ತದೆ ವಿಕಿಪೀಡಿಯದ ನಿಯಮ. ಕಣ್ಣೆದುರಿಗಿನ ಸತ್ಯಕ್ಕೂ ಕಾಗದ ಕೇಳುವ ಕಚೇರಿಯ ಹಾಗೆ ಅನ್ನಿಸಬಹುದು. ಆದರೆ ಪ್ರೋಗ್ರಾಮಿಂಗ್ ಭಾಷೆಗಳ ವಿಷಯದಲ್ಲಿ ಈ ನಿಯಮಕ್ಕೆ ಗಟ್ಟಿ ಕಾರಣವಿದೆ.

ಸಿ ಭಾಷೆಯಲ್ಲಿ 32 ಬಿಟ್‌ನ ಪೂರ್ಣಾಂಕವೊಂದರ (ಋಣ ಸಂಖ್ಯೆಯನ್ನೂ ಹಿಡಿಯುವ ಬಗೆಯದ್ದು) ಗರಿಷ್ಠ ಬೆಲೆ 2147483647. ಅದಕ್ಕೆ ಒಂದು ಕೂಡಿಸಿದರೆ ಏನಾಗುತ್ತದೆ? ನಿಮ್ಮ ಕಂಪ್ಯೂಟರಿನಲ್ಲಿ -2147483648 ಬರಬಹುದು. ಅದನ್ನು ನೋಡಿ "ಸಿ ಭಾಷೆಯಲ್ಲಿ ಸಂಖ್ಯೆ ಸುತ್ತಿಕೊಂಡು ಋಣಕ್ಕೆ ಹೋಗುತ್ತದೆ" ಎಂದು ಬರೆದರೆ ತಪ್ಪಾಗುತ್ತದೆ. ಮಾನದಂಡದ ಪ್ರಕಾರ ಇಲ್ಲಿ ಏನಾಗಬೇಕೆಂದು ಭಾಷೆ ಹೇಳುವುದೇ ಇಲ್ಲ. ಇಂಥದ್ದು ಆಗುವುದೇ ಇಲ್ಲ ಎಂದುಕೊಂಡು ಕೆಲಸ ಮಾಡುವ ಹಕ್ಕು ಕಂಪೈಲರ್‌ಗೆ ಇದೆ. "ಒಂದು ಕೂಡಿಸಿದ ಮೇಲೆ ಮೊದಲಿಗಿಂತ ಚಿಕ್ಕದಾಯಿತಾ?" ಎಂದು ನೀವು ಎಚ್ಚರಿಕೆಯಿಂದ ಬರೆದ ಪರೀಕ್ಷೆಯನ್ನೇ, ವೇಗ ಹೆಚ್ಚಿಸುವ ಭರದಲ್ಲಿ, ಕಂಪೈಲರ್ ಕಿತ್ತು ಹಾಕಬಹುದು. ಜಾವಾದಲ್ಲಿ ಸಂಖ್ಯೆ ಸುತ್ತಿಕೊಳ್ಳುವುದೇ ನಿಯಮ. ಪೈಥಾನ್‌ನಲ್ಲಿ ಪೂರ್ಣಾಂಕ ಮೆಮೊರಿ ಇರುವಷ್ಟೂ ಬೆಳೆಯುತ್ತದೆ. ಓಡಿಸಿ ನೋಡಿದಾಗ ಗೊತ್ತಾಗುವುದು ಒಂದು ಕಂಪೈಲರ್, ಒಂದು ದಿನ, ಒಂದು ಯಂತ್ರದಲ್ಲಿ ಏನು ಮಾಡಿತು ಎಂಬುದು ಮಾತ್ರ. ಭಾಷೆ ಏನು ಮಾತು ಕೊಟ್ಟಿದೆ ಎಂಬುದು ಮಾನದಂಡದಲ್ಲಿರುತ್ತದೆ.

"ಪೈಥಾನ್ ಇಂಟರ್‌ಪ್ರಿಟೆಡ್ ಭಾಷೆ" ಎಂಬ ಸಾಲಿನ ಮೇಲೂ ಇದೇ ಥರದ ಎಳೆದಾಟ. ಇಂಟರ್‌ಪ್ರಿಟ್ ಮಾಡುವುದು ಎಂದರೆ ಬರೆದದ್ದನ್ನು ಮೊದಲೇ ಯಂತ್ರಭಾಷೆಗೆ ಇಳಿಸದೆ, ಓದುತ್ತಾ ಓದುತ್ತಾ ಓಡಿಸುವುದು. ಪೈಥಾನ್ ಓಡಿಸಲು ಜಾಸ್ತಿ ಜನ ಬಳಸುವ ಸಾಧನ ಸಿಪೈಥಾನ್, ನಾವು ಬರೆದದ್ದನ್ನು ಮೊದಲು ಬೈಟ್‌ಕೋಡ್ ಎಂಬ ನಡುವಿನ ರೂಪಕ್ಕೆ ಕಂಪೈಲ್ ಮಾಡುತ್ತದೆ. ಆಮೇಲೆ ಆ ಬೈಟ್‌ಕೋಡನ್ನು ಓಡಿಸುತ್ತದೆ. ಪೈಪೈ ಎಂಬ ಇನ್ನೊಂದು, ಪ್ರೋಗ್ರಾಂ ಓಡುತ್ತಿರುವಾಗಲೇ ಪದೇ ಪದೇ ಬರುವ ಭಾಗಗಳನ್ನು ನೇರ ಯಂತ್ರಭಾಷೆಗೆ ಇಳಿಸುತ್ತದೆ. ಎರಡರ ಮೇಲೂ ಓಡುವುದು ಪೈಥಾನೇ. ಇಂಟರ್‌ಪ್ರಿಟ್ ಮಾಡುವುದೋ ಕಂಪೈಲ್ ಮಾಡುವುದೋ ಎಂಬುದು ಓಡಿಸುವ ಸಾಧನದ ಗುಣ, ಭಾಷೆಯದ್ದಲ್ಲ. ಸಾಲಿನ ಕರ್ತೃಪದ ಬದಲಾಯಿಸಿದರೆ ಜಗಳ ಮುಗಿಯಿತು.

ಕೆಲವೊಮ್ಮೆ ಪದವನ್ನೇ ಬಿಡಬೇಕಾಗುತ್ತದೆ. ಅಂಕಿ, ಅಕ್ಷರ ಇಂಥ ಬೇರೆ ಬೇರೆ ಬಗೆಗಳನ್ನು ಭಾಷೆ ಎಷ್ಟು ಕಟ್ಟುನಿಟ್ಟಾಗಿ ಬೇರೆ ಇಡುತ್ತದೆ ಎನ್ನಲು ಬಳಸುವ "ಸ್ಟ್ರಾಂಗ್ಲಿ ಟೈಪ್ಡ್" ಎಂಬ ಮಾತಿಗೆ ಎಲ್ಲರೂ ಒಪ್ಪುವ ಒಂದೇ ಅರ್ಥವಿಲ್ಲ. ಆ ಪದಕ್ಕಾಗಿ ವಾದ ಮಾಡುವ ಬದಲು, "1" + 1 ಎಂದು ಬರೆದರೆ ಜಾವಾಸ್ಕ್ರಿಪ್ಟ್ "11" ಕೊಡುತ್ತದೆ, ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ ಎಂದು ಬರೆದುಬಿಟ್ಟರೆ ಓದುವವರಿಗೂ ಉಪಯೋಗ, ಬರೆದವರಿಗೂ ನೆಮ್ಮದಿ.

ವಿಕಿ ಎಂಬ ವ್ಯವಸ್ಥೆ ಹುಟ್ಟಿದ್ದೇ ಪ್ರೋಗ್ರಾಮರ್‌ಗಳ ಮಾತುಕತೆಗಾಗಿ ಎಂಬುದು ಇಲ್ಲಿ ನೆನಪಾಗುತ್ತದೆ. ಪ್ರೋಗ್ರಾಂ ವಿನ್ಯಾಸದ ಒಳ್ಳೆಯ ಮಾದರಿಗಳನ್ನು ಎಲ್ಲರೂ ಸೇರಿ ಬರೆದಿಡಲಿ ಎಂದು ವಾರ್ಡ್ ಕನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿ ಶುರು ಮಾಡಿದರು. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರಿನಿಂದ ಅವರು ಆ ಪದ ತೆಗೆದುಕೊಂಡರು. ವಿಕಿಪೀಡಿಯ ಬಂದದ್ದು 2001ರ ಜನವರಿ 15ಕ್ಕೆ.

ಬೇಗ ತಿದ್ದಬಹುದು ಎಂದಮೇಲೆ ಬೇಗ ಕೆಡಿಸಲೂಬಹುದು. ಅದಕ್ಕೇ ಪ್ರತಿ ಲೇಖನದ ಹಿಂದೆ ಅದರ ಇತಿಹಾಸ ಇರುತ್ತದೆ. ಎರಡು ಆವೃತ್ತಿಗಳನ್ನು ಹೋಲಿಸಿ ಏನು ಬದಲಾಗಿದೆ ಎಂದು ನೋಡಬಹುದು. ಈ ಹೋಲಿಕೆಯ ಕಲೆ 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ, ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ ಬರೆದ ಡಿಫ್ ಎಂಬ ಪ್ರೋಗ್ರಾಮಿನಿಂದ ಬಂದದ್ದು. ಅದರ ಕೆಲಸದ ವಿಧಾನವನ್ನು ಡಗ್ಲಸ್ ಮೆಕಿಲ್ರಾಯ್ ಮತ್ತು ಜೇಮ್ಸ್ ಹಂಟ್ 1976ರಲ್ಲಿ ಬರೆದು ಪ್ರಕಟಿಸಿದರು. ಎರಡೂ ಪಠ್ಯಗಳಲ್ಲಿ ಅದೇ ಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದದ ಸರಣಿಯನ್ನು ಹುಡುಕುವುದು ಅದರ ಮೂಲ ಉಪಾಯ. ಆ ಸರಣಿಗೆ ಸೇರದೆ ಉಳಿದದ್ದೇ ಬದಲಾವಣೆ.

ಒಟ್ಟಿಗೆ ತಿದ್ದುವವರ ಮರ್ಯಾದೆಯ ಒಂದು ನಿಯಮ ನೇರವಾಗಿ ಇದರಿಂದಲೇ ಬರುತ್ತದೆ. ಒಬ್ಬರು 2 ಇದ್ದದ್ದನ್ನು -1 ಮಾಡುತ್ತಾರೆ, ಜೊತೆಗೇ ಪ್ಯಾರಾಗಳನ್ನೆಲ್ಲ ಮುರಿದು ಹೊಸದಾಗಿ ಜೋಡಿಸುತ್ತಾರೆ ಅಂದುಕೊಳ್ಳಿ. ಹೋಲಿಕೆ ತೆರೆದರೆ ಇಡೀ ಪುಟವೇ ಬದಲಾದಂತೆ ಕಾಣುತ್ತದೆ. ನಿಜವಾದ ಬದಲಾವಣೆ ಆ ರಾಶಿಯಲ್ಲಿ ಮುಳುಗಿಹೋಗುತ್ತದೆ. ಪರಿಶೀಲಿಸುವವರು ಬೇಸತ್ತು ಎಲ್ಲವನ್ನೂ ರದ್ದು ಮಾಡುತ್ತಾರೆ. ಸಣ್ಣ ಸಣ್ಣದಾಗಿ ತಿದ್ದಿ, ಏಕೆ ತಿದ್ದಿದೆ ಎಂದು ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯಿರಿ ಎಂದು ಹಳಬರು ಮತ್ತೆ ಮತ್ತೆ ಹೇಳುವುದು ಇದಕ್ಕೇ. "ತಪ್ಪು ಸರಿಪಡಿಸಿದೆ" ಎಂಬ ಸಾರಾಂಶ ಏನನ್ನೂ ಹೇಳುವುದಿಲ್ಲ. "1999ರ ಸಿ ಮಾನದಂಡದ ಪ್ರಕಾರ ಶೇಷ -1" ಎಂದು ಬರೆದಿದ್ದರೆ ಪೈಥಾನ್‌ನವರಿಗೆ ಓದಿದ ಕೂಡಲೇ ವಿಷಯ ಹೊಳೆಯುತ್ತಿತ್ತು, ಅಲ್ವಾ?

ಇಬ್ಬರು ಒಂದೇ ಹೊತ್ತಿಗೆ ತಿದ್ದಿದರೆ ಯಂತ್ರ ಮೂರು ಪ್ರತಿಗಳನ್ನು ಹೋಲಿಸುತ್ತದೆ: ಇಬ್ಬರೂ ಶುರು ಮಾಡಿದ ಹಳೆಯ ಪ್ರತಿ, ಒಬ್ಬರದು, ಇನ್ನೊಬ್ಬರದು. ತಿದ್ದುಪಡಿಗಳು ಬೇರೆ ಬೇರೆ ಕಡೆ ಇದ್ದರೆ ಸುಮ್ನೆ ಸೇರಿಸಿಬಿಡುತ್ತದೆ. ಒಂದೇ ಸಾಲಿಗೆ ಇಬ್ಬರೂ ಕೈ ಹಾಕಿದ್ದರೆ ಅದು ಕೈಚೆಲ್ಲಿ, ನೀವೇ ನೋಡಿ ಎನ್ನುತ್ತದೆ. ಅಲ್ಲಿಂದ ಮುಂದೆ ಮನುಷ್ಯರ ಕೆಲಸ.

ಆ ಕೆಲಸಕ್ಕೆ ಚರ್ಚೆ ಪುಟವಿದೆ. ಧೈರ್ಯವಾಗಿ ತಿದ್ದಿ, ಯಾರಾದರೂ ರದ್ದು ಮಾಡಿದರೆ ಮತ್ತೆ ಹಾಕಬೇಡಿ, ಚರ್ಚೆಗೆ ಬನ್ನಿ ಎಂಬುದು ವಾಡಿಕೆ. ಮಾತಿನ ಕೊನೆಗೆ ~~~~ ಎಂದು ನಾಲ್ಕು ಗುರುತು ಹಾಕಿದರೆ ನಿಮ್ಮ ಸಹಿ, ದಿನ, ಹೊತ್ತು ತಾನಾಗಿ ಬೀಳುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರ ಕೆಲಸವನ್ನು ರದ್ದು ಮಾಡಿದರೆ ನಿರ್ವಾಹಕರು ನಿಮ್ಮನ್ನು ತಡೆಹಿಡಿಯಬಹುದು. ನೀವು ಹೇಳುವುದು ಸರಿಯೇ ಇದ್ದರೂ ಅಷ್ಟೇ. ಇದು ಅನ್ಯಾಯ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾಲ್ಕನೇ ಸಲ ರದ್ದು ಮಾಡುವವರು ಆ ಹೊತ್ತಿಗೆ ಎದುರಿನವರ ಮಾತನ್ನು ಓದುವುದನ್ನೇ ನಿಲ್ಲಿಸಿರುತ್ತಾರೆ. ಬಿಟ್ಟುಹೋದ ಪದ ಸಿಗುವುದು ಓದಿದವರಿಗೆ ಮಾತ್ರ.

ಎದುರಿನವರನ್ನು ಸದ್ಭಾವನೆಯಿಂದ ನೋಡಿ ಎಂಬ ವಿಕಿಪೀಡಿಯದ ನಿಯಮವನ್ನೂ ನಾನು ಹೀಗೇ ಅರ್ಥ ಮಾಡಿಕೊಂಡಿದ್ದೇನೆ. "ಇವರಿಗೆ ಗೊತ್ತಿಲ್ಲ" ಎಂದುಕೊಂಡರೆ ಹುಡುಕಾಟ ಅಲ್ಲಿಗೇ ನಿಂತಿತು. "ಇವರಿಗೂ ಗೊತ್ತಿದೆ, ಹಾಗಾದರೆ ಇವರ ಉತ್ತರ ಯಾಕೆ ಬೇರೆ?" ಎಂದು ಕೇಳಿಕೊಂಡರೆ ಏಡಾದವರೆಗೂ ಹೋಗಿ ಬರಬಹುದು. ಚರ್ಚೆ ಪುಟದಲ್ಲಿ "ನೀವು ಯಾವ ಭಾಷೆಯಲ್ಲಿ ಓಡಿಸಿ ನೋಡಿದಿರಿ?" ಎಂಬ ಒಂದೇ ಪ್ರಶ್ನೆ ಸಾಕಾಗಿತ್ತು.

ಮಾತುಕತೆಗೂ ಖರ್ಚಿದೆ, ನಿಜ. ಸಣ್ಣ ವಿಷಯಕ್ಕೇ ಜಾಸ್ತಿ ಮಾತು ಹುಟ್ಟುತ್ತದೆ, ಏಕೆಂದರೆ ಅದರಲ್ಲಿ ಎಲ್ಲರಿಗೂ ಅಭಿಪ್ರಾಯವಿರುತ್ತದೆ. ಪೈಥಾನ್‌ಗೆ := ಎಂಬ ಹೊಸ ಚಿಹ್ನೆ ಬೇಕೇ ಬೇಡವೇ ಎಂಬ ಚರ್ಚೆ ಎಷ್ಟು ಕಾವೇರಿತೆಂದರೆ, ಪ್ರಸ್ತಾವ ಒಪ್ಪಿಗೆಯಾದ ಮೇಲೆ, 2018ರ ಜುಲೈನಲ್ಲಿ, ಭಾಷೆಯನ್ನು ಹುಟ್ಟಿಸಿದ ಗೀಡೊ ವ್ಯಾನ್ ರೋಸಮ್ ಕೊನೆಯ ತೀರ್ಮಾನ ಹೇಳುವ ಸ್ಥಾನದಿಂದಲೇ ಹಿಂದೆ ಸರಿದರು. ಆ ಜಾಗಕ್ಕೆ ಐದು ಜನರ ಸಮಿತಿ ಬಂತು. ಎರಡು ಚುಕ್ಕೆ, ಒಂದು ಸಮ ಚಿಹ್ನೆ. ಇದನ್ನು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಶೇಷದ ಲೆಕ್ಕದ ಬಗ್ಗೆ ಇರುವ ಲೇಖನಕ್ಕೆ ಈಗ ಹೋಗಿ ನೋಡಿ. ಅಲ್ಲಿ ಉದ್ದನೆಯ ಕೋಷ್ಟಕವಿದೆ. ಒಂದೊಂದು ಭಾಷೆಯ ಹೆಸರು, ಅದರ ಚಿಹ್ನೆ ಯಾವುದು, ಯಾವ ಕಡೆಗೆ ಸರಿಯುತ್ತದೆ ಎಂಬ ವಿವರ. ಸಿ ಭಾಷೆಯನ್ನು ವರ್ಷ ನೋಡಿ ಎರಡಾಗಿ ಬಿಡಿಸಿ ಕೊಟ್ಟಿದ್ದಾರೆ: ಒಂದು 1990ರ ಮಾನದಂಡಕ್ಕೆ, ಇನ್ನೊಂದು 1999ರದ್ದಕ್ಕೆ.