ಡಾಟ್ ಲೋಕಲ್ ಎಲ್ಲಿಂದ ಬಂತು? ಆರ್‌ನ ಮೆಥಡ್‌ಗಳ ಹಿಂದೆ ದುಡಿಯುವ ಫಂಕ್ಷನ್‌ಗಳ ಕಥೆ

ಮಳೆಗಾಲದ ಒಂದು ಭಾನುವಾರ ಪುಣೆಯ ಕೋಥ್ರೂಡ್‌ನಲ್ಲಿ ಅಮೃತತುಲ್ಯ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ಜೊತೆಗಿದ್ದವಳು ಧಾರವಾಡದ ಹುಡುಗಿ, ಇಲ್ಲಿನ ಒಂದು ಲ್ಯಾಬಿನಲ್ಲಿ ಭತ್ತದ ಜೀನ್ ಡೇಟಾ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಲ್ಯಾಪ್‌ಟಾಪ್ ತೆರೆದು ನನ್ನ ಕಡೆ ತಿರುಗಿಸಿದಳು.

"ಅಣ್ಣಾ, ಇದನ್ನ ಸ್ವಲ್ಪ ನೋಡ್ರಿ. ಗ್ರಾಫ್ ಸರಿ ಬಂದೈತಿ, ಹೆಸರಷ್ಟ ತಪ್ಪು ಬರಾಕತ್ತೈತಿ."

ಗ್ರಾಫಿನ ತಲೆಯ ಮೇಲೆ ಅವಳ ಡೇಟಾದ ಹೆಸರು ಬರಬೇಕಿತ್ತು, ಅಂದರೆ 'ಭತ್ತ' ಅಂತ. ಬಂದದ್ದು ಬರೀ 'ಎಕ್ಸ್'. ಅವಳ ಕೋಡ್ ನೋಡಿದೆ, ತಪ್ಪೇನೂ ಕಾಣಲಿಲ್ಲ. ಆಮೇಲೆ ಅವಳೇ ಗೆಟ್‌ಮೆಥಡ್ ಅನ್ನೋ ಆಜ್ಞೆ ಹಾಕಿ ತನ್ನ ಮೆಥಡ್ ಅನ್ನು, ಅಂದರೆ ಒಂದು ಬಗೆಯ ಡೇಟಾಗಾಗಿಯೇ ಬರೆದ ಫಂಕ್ಷನ್ ಅನ್ನು, ಪರದೆಗೆ ತಂದಳು. ಅವಳು ಬರೆದ ಸಾಲುಗಳೆಲ್ಲ ಅಲ್ಲೇ ಇದ್ದವು, ಆದರೆ ಅವುಗಳನ್ನೆಲ್ಲ 'ಡಾಟ್ ಲೋಕಲ್' ಅನ್ನೋ ಇನ್ನೊಂದು ಫಂಕ್ಷನ್ ಒಳಗೆ ತುಂಬಿ, ಕೊನೆಯಲ್ಲಿ ಅದನ್ನು ಕರೆಯುವ ಒಂದು ಸಾಲು ಸೇರಿಕೊಂಡಿತ್ತು. "ಇದನ್ನ ನಾ ಬರದಿಲ್ಲರೀ ಅಣ್ಣಾ. ಯಾರು ಬರದ್ರು?"

ಬರೆದದ್ದು ಆರ್, ಅಂದರೆ ಅವಳು ಕೋಡ್ ಬರೆಯುತ್ತಿದ್ದ, ಅಂಕಿಅಂಶಗಳ ಕೆಲಸಕ್ಕೆ ಬಳಸುವ ಕಂಪ್ಯೂಟರ್ ಭಾಷೆ. ಇನ್ನೂ ಸರಿಯಾಗಿ ಹೇಳಬೇಕಂದರೆ, ಆರ್ ಜೊತೆಗೇ ಬರುವ ಮೆಥಡ್ಸ್ ಪ್ಯಾಕೇಜ್‌ನಲ್ಲಿರುವ ರೀಮ್ಯಾಚ್‌ಡೆಫಿನಿಷನ್ ಎಂಬ ಫಂಕ್ಷನ್. ಅದರ ಸಹಾಯ ಪುಟದಲ್ಲೇ ಇಂಥ ಹತ್ತಾರು ಫಂಕ್ಷನ್‌ಗಳ ಪಟ್ಟಿ ಇದೆ. ಇವುಗಳಲ್ಲಿ ಹೆಚ್ಚಿನವನ್ನು ಬಳಕೆದಾರರು ನೇರವಾಗಿ ಕರೆಯುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ ಅಂತಲೂ ಅಲ್ಲೇ ಹೇಳಿದ್ದಾರೆ. ಹಾಗಂತ ನಾವು ಆ ಪುಟವನ್ನು ದಾಟಿ ಹೋಗುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ದಾಟಿ ಹೋಗಿದ್ದೆ. ಈಗ ಅನಿಸುತ್ತದೆ, ಆ ಪುಟದಲ್ಲಿರುವ ಒಂದೊಂದು ಹೆಸರೂ ಯಾವುದೋ ಹಳೆಯ ತೊಂದರೆಗೆ ಹುಡುಕಿದ ಉತ್ತರ. ಆ ತೊಂದರೆ ಏನಂತ ಗೊತ್ತಾದರೆ ಡಾಟ್ ಲೋಕಲ್ ನೋಡಿ ಗಾಬರಿ ಆಗುವುದಿಲ್ಲ.

ಆರ್‌ಗಿಂತ ಮೊದಲು ಎಸ್ ಇತ್ತು. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಜೊತೆಗಾರರು ಶುರು ಮಾಡಿದ ಭಾಷೆ ಅದು. ಕ್ಲಾಸ್ (ಒಂದು ವಸ್ತು ಯಾವ ಬಗೆಯದು ಅನ್ನೋ ಗುರುತು), ಮೆಥಡ್ ಅನ್ನೋ ವಿಚಾರ ಅದಕ್ಕೆ ಬಂದದ್ದು 1990ರ ದಶಕದ ಆರಂಭದಲ್ಲಿ, ಮೂರನೇ ಆವೃತ್ತಿಯಲ್ಲಿ. ಅದಕ್ಕೇ ಎಸ್3 ಅನ್ನುತ್ತೇವೆ. ಅದರ ನಿಯಮ ಬಹಳ ಸರಳ. ಫಂಕ್ಷನ್ ಹೆಸರು, ಒಂದು ಚುಕ್ಕೆ, ಕ್ಲಾಸಿನ ಹೆಸರು. 'ಪ್ರಿಂಟ್ ಡಾಟ್ ಫ್ಯಾಕ್ಟರ್' ಅಂತ ಬರೆದಿಟ್ಟರೆ ಸಾಕು, ಫ್ಯಾಕ್ಟರ್ ಅನ್ನು ಪ್ರಿಂಟ್ ಮಾಡು ಅಂದಾಗ ಅದು ತಾನೇ ಸಿಗುತ್ತದೆ. ಶುರುವಿನಲ್ಲಿ ಎಲ್ಲೂ ನೋಂದಣಿ ಇರಲಿಲ್ಲ, ತಪಾಸಣೆ ಇರಲಿಲ್ಲ. ಈ ಸರಳತೆಯಿಂದಲೇ ಎಸ್3 ಇವತ್ತಿಗೂ ಗಟ್ಟಿಯಾಗಿ ಬದುಕಿದೆ.

ತೊಂದರೆಯೂ ಆ ಚುಕ್ಕೆಯಲ್ಲೇ ಇದೆ. 'ಟಿ' ಅನ್ನೋದು ಮ್ಯಾಟ್ರಿಕ್ಸ್‌ನ ಸಾಲು-ಕಂಬ ಅದಲು ಬದಲು ಮಾಡುವ ಫಂಕ್ಷನ್. 'ಟಿ ಡಾಟ್ ಟೆಸ್ಟ್' ಅನ್ನೋದು ಸಂಖ್ಯಾಶಾಸ್ತ್ರದ ಟಿ-ಟೆಸ್ಟ್. ಇವೆರಡಕ್ಕೂ ಸಂಬಂಧವೇ ಇಲ್ಲ. ಆದರೆ 2020ರಲ್ಲಿ ಆರ್‌ನ 4.0.0 ಆವೃತ್ತಿ ಬರುವ ತನಕ, ನೀವು 'ಟೆಸ್ಟ್' ಅನ್ನೋ ಕ್ಲಾಸ್ ಮಾಡಿ ಅದರ ಮೇಲೆ ಟಿ ಓಡಿಸಿದರೆ ಆರ್ ಹೋಗಿ ಟಿ-ಟೆಸ್ಟ್ ಅನ್ನೇ ಕರೆಯುತ್ತಿತ್ತು. ಜೊತೆಗೆ ಎಸ್3 ನೋಡುವುದು ಮುಖ್ಯವಾಗಿ ಒಂದೇ ಆರ್ಗ್ಯುಮೆಂಟಿನ, ಅಂದರೆ ಫಂಕ್ಷನ್‌ಗೆ ನಾವು ಕೊಡುವ ಒಂದೇ ವಸ್ತುವಿನ, ಕ್ಲಾಸ್. ಎರಡು ವಸ್ತುಗಳ ಜೋಡಿ ನೋಡಿ ತೀರ್ಮಾನ ಮಾಡಬೇಕಂದರೆ ಅಲ್ಲಿ ದಾರಿ ಬಹಳ ಇಕ್ಕಟ್ಟು.

ಚೇಂಬರ್ಸ್ ಇದನ್ನು ಬೇರಿನಿಂದ ಮತ್ತೆ ಯೋಚಿಸಿದರು. 1998ರ ಹೊತ್ತಿಗೆ ಎಸ್4 ಬಂತು. ಕ್ಲಾಸನ್ನು ಮೊದಲು ಘೋಷಿಸಬೇಕು, ಜೆನೆರಿಕ್ ಅನ್ನು (ಕ್ಲಾಸ್ ನೋಡಿ ಸರಿಯಾದ ಮೆಥಡ್‌ಗೆ ಕೆಲಸ ಒಪ್ಪಿಸುವ ಫಂಕ್ಷನ್ ಅದು) ಸೆಟ್‌ಜೆನೆರಿಕ್‌ನಿಂದ, ಮೆಥಡ್ ಅನ್ನು ಸೆಟ್‌ಮೆಥಡ್‌ನಿಂದ ದಾಖಲು ಮಾಡಬೇಕು, ಎಷ್ಟು ಆರ್ಗ್ಯುಮೆಂಟ್‌ಗಳ ಕ್ಲಾಸ್ ಬೇಕಾದರೂ ನೋಡಬಹುದು. ಅಷ್ಟರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಶುರು ಮಾಡಿದ್ದ ಆರ್ ಬೆಳೆಯುತ್ತಿತ್ತು. 2000ದ ಫೆಬ್ರವರಿ 29ರಂದು 1.0.0 ಬಂತು. 2001ರ ಕೊನೆಗೆ ಬಂದ 1.4.0ರಲ್ಲಿ ಮೆಥಡ್ಸ್ ಪ್ಯಾಕೇಜ್ ಸೇರಿತು. ಅದನ್ನು ಬರೆದವರು ಚೇಂಬರ್ಸ್ ಅವರೇ. 2003ರ 1.7.0ರಿಂದ ಅದು ತಾನಾಗಿಯೇ ಲೋಡ್ ಆಗತೊಡಗಿತು.

ಅಸಲಿ ಕಷ್ಟ ಶುರುವಾಗಿದ್ದು ಇಲ್ಲಿ. ಎಸ್4 ಬರುವ ಹೊತ್ತಿಗೆ ಆರ್‌ನಲ್ಲಿ ಸಾವಿರಾರು ಫಂಕ್ಷನ್‌ಗಳು ಆಗಲೇ ಇದ್ದವು. ಮುಂದೊಂದು ದಿನ ಇವು ಜೆನೆರಿಕ್ ಆಗುತ್ತವೆ ಅಂತ ಯೋಚಿಸಿ ಯಾರೂ ಬರೆದಿರಲಿಲ್ಲ. ಸಮ್ಮರಿ ಫಂಕ್ಷನ್‌ಗೆ ನಿಮ್ಮ ಕ್ಲಾಸಿನ ಮೆಥಡ್ ಸೇರಿಸಲು ಹೋದರೆ, ಮೊದಲು ಆ ಹಳೆಯ ಫಂಕ್ಷನ್‌ನಿಂದ ಒಂದು ಜೆನೆರಿಕ್ ತಯಾರಾಗಬೇಕು, ಹಳೆಯದು ಅದರ ಡಿಫಾಲ್ಟ್ ಮೆಥಡ್ ಆಗಿ ಒಳಗೆ ಉಳಿಯಬೇಕು. ಇದೆಲ್ಲ ನಮಗೆ ಗೊತ್ತಾಗದಂತೆ ನಡೆದುಹೋಗುತ್ತದೆ.

ಆಮೇಲೆ ಆರ್ಗ್ಯುಮೆಂಟ್‌ಗಳ ಹೊಂದಾಣಿಕೆ. ಜೆನೆರಿಕ್‌ನಲ್ಲಿ ಎಕ್ಸ್ ಮತ್ತು ಮೂರು ಚುಕ್ಕೆ (ಉಳಿದ ಆರ್ಗ್ಯುಮೆಂಟ್ ಏನೇ ಬಂದರೂ ಹಿಡಿದುಕೊಳ್ಳುವ ಜಾಗ) ಇವೆ ಅಂದುಕೊಳ್ಳಿ. ನಮ್ಮ ಹುಡುಗಿಯ ಮೆಥಡ್‌ನಲ್ಲಿ ನಡುವೆ 'ಬಣ್ಣ' ಅಂತ ಒಂದು ಹೆಚ್ಚಿನ ಆರ್ಗ್ಯುಮೆಂಟ್ ಇತ್ತು. ಕಟ್ಟುನಿಟ್ಟಾಗಿ ನೋಡಿದರೆ ಇದು ತಪ್ಪು, ಯಾಕಂದರೆ ಮೆಥಡ್‌ನ ಆರ್ಗ್ಯುಮೆಂಟ್‌ಗಳು ಜೆನೆರಿಕ್‌ನಂತೆಯೇ ಇರಬೇಕು. ಆದರೆ ಹಾಗಂತ ನಿರಾಕರಿಸಿದ್ದರೆ ಜನ ಎಸ್4 ಕಡೆ ತಲೆ ಹಾಕುತ್ತಿರಲಿಲ್ಲ. ಅದಕ್ಕೆ ರೀಮ್ಯಾಚ್‌ಡೆಫಿನಿಷನ್ ಒಂದು ಉಪಾಯ ಮಾಡುತ್ತದೆ. ಹೊರಗೆ ಜೆನೆರಿಕ್‌ಗೆ ಒಪ್ಪುವ ಒಂದು ಕವಚ, ಒಳಗೆ ನೀವು ಬರೆದದ್ದೇ ಡಾಟ್ ಲೋಕಲ್ ಹೆಸರಿನಲ್ಲಿ. ಮೂರು ಚುಕ್ಕೆಯಲ್ಲಿ ಬಂದ ಬಣ್ಣ ಒಳಗಿನ ಫಂಕ್ಷನ್‌ಗೆ ಸರಿಯಾಗಿ ತಲುಪುತ್ತದೆ. ಇದರ ತಿರುಗುಮುರುಗು ಕೆಲಸ ಕನ್‌ಫಾರ್ಮ್‌ಮೆಥಡ್‌ನದು. ಜೆನೆರಿಕ್‌ನಲ್ಲಿರುವ ಒಂದು ಆರ್ಗ್ಯುಮೆಂಟ್ ಅನ್ನು ಮೆಥಡ್‌ನಲ್ಲಿ ಬಿಟ್ಟಿದ್ದರೆ, ಆ ಜಾಗದ ಕ್ಲಾಸ್ 'ಮಿಸ್ಸಿಂಗ್' ಅಂತ ತಾನೇ ತುಂಬಿ, ಹಾಗೆ ಮಾಡಿದ್ದೇನೆ ಅಂತ ಒಂದು ಸಂದೇಶ ಕೊಡುತ್ತದೆ.

ಗ್ರಾಫಿನ ಹೆಸರು ಕೆಟ್ಟದ್ದು ಈ ಕವಚದಿಂದಲೇ. ಅವಳು ಸಬ್‌ಸ್ಟಿಟ್ಯೂಟ್ ಬಳಸಿ, ಬಳಕೆದಾರರು ಆರ್ಗ್ಯುಮೆಂಟ್ ಜಾಗದಲ್ಲಿ ಏನು ಬರೆದರೋ ಅದನ್ನೇ ಹೆಸರಾಗಿ ತೆಗೆದುಕೊಳ್ಳುತ್ತಿದ್ದಳು. ಹೊರಗಿನ ಕವಚಕ್ಕೆ ಬಂದದ್ದು 'ಭತ್ತ'. ಕವಚ ಒಳಗಿನವನಿಗೆ ಕೊಟ್ಟದ್ದು 'ಎಕ್ಸ್'. ಒಳಗೆ ಕೂತು ಕೇಳಿದರೆ ಎಕ್ಸ್ ಅಂತಲೇ ಉತ್ತರ ಬರುತ್ತದೆ ಅಲ್ವಾ? ಡೇಟಾ ಸರಿಯಾಗೇ ತಲುಪಿದೆ, ಹೆಸರು ಮಾತ್ರ ದಾರಿಯಲ್ಲಿ ಕಳೆದುಹೋಗಿದೆ.

ಇನ್ನೊಂದು ದೊಡ್ಡ ಪ್ರಶ್ನೆ, ಯಾವ ಮೆಥಡ್ ಅಂತ ಹುಡುಕೋದು ಹೇಗೆ? ನಾನು ಇದನ್ನು ಹುಡುಗರಿಗೆ ವಿವರಿಸುವಾಗ ನಮ್ಮ ಸೊಸೈಟಿಯ ವಾಚ್‌ಮನ್ ಕಾಕಾರ ಉದಾಹರಣೆ ಕೊಡುತ್ತೇನೆ. ಅವರ ಹತ್ತಿರ ಒಂದು ಅಧಿಕೃತ ರಿಜಿಸ್ಟರ್ ಇದೆ, ಯಾವ ಫ್ಲ್ಯಾಟ್‌ನಲ್ಲಿ ಯಾರು ಅಂತ. ಜೇಬಿನಲ್ಲಿ ಸ್ವಂತದ ಒಂದು ಸಣ್ಣ ಡೈರಿ ಇದೆ. ರಿಜಿಸ್ಟರ್‌ನಲ್ಲಿ ಇಲ್ಲದ ಹೆಸರಿಗೆ ಪಾರ್ಸೆಲ್ ಬಂದರೆ, ವಿಚಾರಿಸಿ ಅವರ ಸಂಬಂಧಿಕರ ಫ್ಲ್ಯಾಟ್ ಪತ್ತೆ ಮಾಡಿ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ, ಮುಂದಿನ ಸಲ ವಿಚಾರಿಸುವ ಕೆಲಸ ಇಲ್ಲ. ಎಸ್4 ಜೆನೆರಿಕ್‌ನ ಒಳಗೂ ಹೀಗೇ ಎರಡು ಪಟ್ಟಿಗಳಿವೆ, 'ಡಾಟ್ ಎಂಟೇಬಲ್' ಮತ್ತು 'ಡಾಟ್ ಆಲ್ ಎಂಟೇಬಲ್'. ಮೊದಲನೆಯದರಲ್ಲಿ ನೇರವಾಗಿ ಬರೆದ ಮೆಥಡ್‌ಗಳು. ಎರಡನೆಯದರಲ್ಲಿ ಅವುಗಳ ಜೊತೆಗೆ, ಮೇಲಿನ ಕ್ಲಾಸ್‌ಗಳಿಂದ ಹುಡುಕಿ ತಂದು ನೆನಪಿಟ್ಟುಕೊಂಡ ಮೆಥಡ್‌ಗಳೂ ಇರುತ್ತವೆ. ಹೊಸ ಮೆಥಡ್ ಸೇರಿದ ಕೂಡಲೇ ನೆನಪಿಟ್ಟುಕೊಂಡದ್ದನ್ನು ಅಳಿಸಬೇಕು, ಇಲ್ಲದಿದ್ದರೆ ಹೊಸ ಬಾಡಿಗೆದಾರರ ಪಾರ್ಸೆಲ್ ಹಳೆಯ ಮನೆಗೇ ಹೋಗುತ್ತದೆ. ಹೀಗೆ ಅಳಿಸುವುದಕ್ಕೆ, ಮತ್ತೆ ಕಟ್ಟುವುದಕ್ಕೆ, ಪ್ಯಾಕೇಜ್ ಲೋಡ್ ಆದಾಗ ಪಟ್ಟಿಗೆ ಸೇರಿಸುವುದಕ್ಕೆ ಒಂದೊಂದು ಒಳಗಿನ ಫಂಕ್ಷನ್ ಇದೆ. ಕ್ಯಾಶ್‌ಮೆಥಡ್, ರೀಸೆಟ್‌ಜೆನೆರಿಕ್ ಇವೆಲ್ಲ ಆ ಗುಂಪಿನವು.

ಶುರುವಿನಲ್ಲಿ ಈ ಪಟ್ಟಿಗಳು ಇರಲಿಲ್ಲ. ಮೆಥಡ್ಸ್‌ಲಿಸ್ಟ್ ಅನ್ನೋ ರಚನೆ ಇತ್ತು, ಮೊದಲ ಆರ್ಗ್ಯುಮೆಂಟಿನ ಕ್ಲಾಸ್ ಒಳಗೆ ಎರಡನೆಯದರದು, ಅದರ ಒಳಗೆ ಮೂರನೆಯದು. ಈಗ ಕ್ಲಾಸ್‌ಗಳ ಹೆಸರುಗಳನ್ನು ಹ್ಯಾಷ್ ಗುರುತಿನಿಂದ ಜೋಡಿಸಿ ಒಂದೇ ಹೆಸರು ಮಾಡಿ ಪಟ್ಟಿಯಲ್ಲಿ ಹುಡುಕುತ್ತಾರೆ. ಹಳೆಯ ರಚನೆ ಬಳಕೆಯಿಂದ ಹೋಗಿದೆ, ಅದರ ಹೆಸರು ದಾಖಲೆಗಳಲ್ಲಿ ಇನ್ನೂ ಸಿಗುತ್ತದೆ.

ಪುಣೆಯಲ್ಲಿ ಕುಲಕರ್ಣಿ ಅಂದರೆ ಸಾಲದು, ಯಾವ ಕುಲಕರ್ಣಿ ಅಂತ ಕೇಳಬೇಕು. ನಮ್ಮ ಕಟ್ಟಡದಲ್ಲೇ ಮೂವರಿದ್ದಾರೆ, ಇಬ್ಬರು ಮರಾಠಿ, ಒಬ್ಬರು ಕನ್ನಡದವರು. ಜೆನೆರಿಕ್‌ಗಳಿಗೂ ಇದೇ ಪಾಡು. ಎರಡು ಪ್ಯಾಕೇಜ್‌ಗಳು ಒಂದೇ ಹೆಸರಿನಲ್ಲಿ ಬೇರೆ ಬೇರೆ ಜೆನೆರಿಕ್ ಮಾಡಿದರೆ, ಆಮೇಲೆ ಲೋಡ್ ಆದದ್ದು ಮೊದಲಿನದನ್ನು ಮರೆಮಾಡುತ್ತದೆ. ಮೊದಲಿನದರ ಮೆಥಡ್‌ಗಳು ಇದ್ದೂ ಕೈಗೆ ಸಿಗುವುದಿಲ್ಲ. ಅದಕ್ಕೇ ಪ್ರತಿ ಜೆನೆರಿಕ್ ತನ್ನ ಪ್ಯಾಕೇಜ್‌ನ ಹೆಸರನ್ನೂ ಜೊತೆಗೆ ಹೊತ್ತಿರುತ್ತದೆ. ಜೀವವಿಜ್ಞಾನದ ಡೇಟಾಗಾಗಿ 2001ರಲ್ಲಿ ಶುರುವಾದ ಬಯೋಕಂಡಕ್ಟರ್ ಯೋಜನೆ ಎಸ್4 ಅನ್ನು ಎಲ್ಲರಿಗಿಂತ ಜಾಸ್ತಿ ಬಳಸಿದ್ದು, ಈ ಪೆಟ್ಟನ್ನೂ ಅದು ತಿಂದಿತು. ಕೊನೆಗೆ ಬಯೋಕ್‌ಜೆನೆರಿಕ್ಸ್ ಅಂತ ಒಂದು ಪ್ಯಾಕೇಜ್ ಮಾಡಿ, ಹಂಚಿಕೊಳ್ಳಬೇಕಾದ ಜೆನೆರಿಕ್‌ಗಳನ್ನೆಲ್ಲ ಅಲ್ಲಿಟ್ಟರು. ತುಂಬಾ ಒಳ್ಳೆಯ ತೀರ್ಮಾನ ಅದು.

ಇದಕ್ಕೆಲ್ಲ ಸಮಯದ ಬೆಲೆಯೂ ಇತ್ತು. ಕನ್ಸೋಲ್ ತೆರೆಯದೆ ಕೋಡ್ ಫೈಲ್ ಓಡಿಸುವ ಆರ್‌ಸ್ಕ್ರಿಪ್ಟ್ ಬಹಳ ವರ್ಷ ಮೆಥಡ್ಸ್ ಪ್ಯಾಕೇಜನ್ನು ಲೋಡ್ ಮಾಡುತ್ತಿರಲಿಲ್ಲ, ಶುರುವಾಗುವ ಸಮಯದಲ್ಲಿ ಸುಮಾರು 60 ಶೇಕಡಾ ಅದೊಂದೇ ತಿನ್ನುತ್ತದೆ ಅನ್ನೋ ಕಾರಣಕ್ಕೆ. ಹಾಗಾಗಿ ಕನ್ಸೋಲ್‌ನಲ್ಲಿ ಚೆನ್ನಾಗಿ ಓಡಿದ ಕೋಡ್ ರಾತ್ರಿ ಸರ್ವರ್‌ನಲ್ಲಿ ಎಸ್4 ವಸ್ತು ತಯಾರಿಸುವ 'ನ್ಯೂ' ಅನ್ನೋ ಫಂಕ್ಷನ್ ಸಿಗಲಿಲ್ಲ ಅಂತ ಬೀಳುತ್ತಿತ್ತು. ನಾನೇ ಹಿಂಜವಡಿಯ ಒಂದು ಆಫೀಸಿನಲ್ಲಿ ಇದರ ಹಿಂದೆ ಎರಡು ರಾತ್ರಿ ಕಳೆದಿದ್ದೇನೆ. 2018ರ 3.5.0ರಲ್ಲಿ ಅದು ಸರಿಹೋಯಿತು.

ಈಗ ಎಸ್7 ಬಂದಿದೆ. ಎಸ್3 ಮತ್ತು ಎಸ್4ರ ಒಳ್ಳೆಯದನ್ನು ಸೇರಿಸುವ ಆಸೆಯಿಂದ ಮಾಡಿದ್ದು, 2023ರಲ್ಲಿ ಆರ್ ಪ್ಯಾಕೇಜ್‌ಗಳ ಭಂಡಾರವಾದ ಕ್ರ್ಯಾನ್‌ಗೆ ಬಂತು. ಹೊಸ ಪ್ಯಾಕೇಜ್ ಶುರು ಮಾಡುವವರು ಅದನ್ನು ನೋಡಲಿ ಅಂತ ನಾನು ಹೇಳುತ್ತೇನೆ. ಆದರೆ ಭತ್ತದ ಡೇಟಾ ಹಿಡಿದು ಕೂತ ಹುಡುಗಿಗೆ ಬಯೋಕಂಡಕ್ಟರ್ ಬೇಕೇ ಬೇಕು, ಅಂದರೆ ಎಸ್4 ಬೇಕೇ ಬೇಕು.

ಅವಳ ಕೋಡ್‌ಗೆ ಎರಡು ದಾರಿ ಇದ್ದವು. ಜೆನೆರಿಕ್‌ಗೇ 'ಬಣ್ಣ' ಸೇರಿಸೋದು, ಇಲ್ಲವೇ ಮೆಥಡ್‌ನಿಂದ ಅದನ್ನು ತೆಗೆದು ಮೂರು ಚುಕ್ಕೆಯ ಒಳಗಿಂದಲೇ ಎತ್ತಿಕೊಳ್ಳೋದು. ಜೆನೆರಿಕ್ ಅವಳದೇ ಆಗಿದ್ದರಿಂದ ಮೊದಲನೆಯದನ್ನು ಮಾಡಿದಳು, 'ಬಣ್ಣ'ದ ಮೇಲೆ ಹುಡುಕಾಟ ಬೇಡ ಅಂತ ಸಿಗ್ನೇಚರ್‌ನಲ್ಲಿ (ಯಾವ ಆರ್ಗ್ಯುಮೆಂಟ್‌ಗಳ ಕ್ಲಾಸ್ ನೋಡಬೇಕು ಅನ್ನೋ ಪಟ್ಟಿಯಲ್ಲಿ) ಎಕ್ಸ್ ಒಂದನ್ನೇ ಇಟ್ಟಳು. ಮತ್ತೆ ಗೆಟ್‌ಮೆಥಡ್ ಹಾಕಿದಳು. ಡಾಟ್ ಲೋಕಲ್ ಇರಲಿಲ್ಲ. ಗ್ರಾಫ್ ಬಿಡಿಸಿದಳು, ಮೇಲೆ 'ಭತ್ತ' ಅಂತ ಬಂತು. ಅಷ್ಟರಲ್ಲಿ ಚಹಾ ಆರಿತ್ತು, ಇನ್ನೆರಡು ಕಟಿಂಗ್ ಹೇಳಿದೆವು.